ಹೆಚ್ಚಾಗಿ ಬಿದ್ದ ಒಂದು 'ಹ'

"ಇದು ನಿಮ್ಮ ರೂಮಿನಲ್ಲಿ ನಡೆದದ್ದು, ಸರ್."

ಎರಡು ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲಿಟ್ಟು ಸ್ನೇಹಲತಾ ಕೈಕಟ್ಟಿ ನಿಂತಳು. ಮೆಲ್ಲಗೆ ಇಡಬೇಕು ಅಂದುಕೊಂಡೇ ಬಂದಿದ್ದಳು... ಕೈ ಮಾತು ಕೇಳಲಿಲ್ಲ. ಆ ಸದ್ದಿಗೆ ಸ್ಟಾಫ್ ರೂಮಿನಲ್ಲಿದ್ದ ಎಲ್ಲರೂ ತಲೆ ಎತ್ತಿದರು.

ಮೇಜಿನ ಆಚೆ ಕೂತಿದ್ದವನು ಮಾತ್ರ ನಿಧಾನವಾಗಿ ಟಿಫನ್ ಬಾಕ್ಸಿನ ಮುಚ್ಚಳ ಹಾಕಿದ. ಕರ್ಚೀಫಿನಲ್ಲಿ ಕೈ ಒರೆಸಿಕೊಂಡ. ಆಮೇಲೆ ಕಣ್ಣೆತ್ತಿ ಅವಳನ್ನು ನೋಡಿದ.

ಗಣಿತದ ಮೇಷ್ಟ್ರು. ಆರಡಿ ಎತ್ತರ, ಹೆಸರು ಪುಟ್ಟರಾಜು. ಪ್ರೇಮಕಥೆಯ ನಾಯಕನಿಗೆ ಇದೆಂಥ ಹೆಸರು ಎಂದು ನೀವು ಮೂಗು ಮುರಿಯಬಹುದು. ಏನು ಮಾಡುವುದು, ಅವರಜ್ಜಿ ಇಟ್ಟದ್ದು. ಕಥೆ ಮುಗಿಯುವವರೆಗೆ ಸ್ವಲ್ಪ ಸಹಿಸಿಕೊಳ್ಳಿ. ನಮ್ಮ ನಾಯಕಿಗೂ ಆ ಹೆಸರು ಹಿಡಿಸುವುದಕ್ಕೆ ಒಂದು ವಾರ ಬೇಕಾಯಿತು.

"ಕೂತ್ಕೊಳಿ ಮೇಡಂ," ಎಂದ.

"ಪರವಾಗಿಲ್ಲ. ಮೊದಲು ಓದಿ."

ಅವನು ಓದಿದ. ಒಂದು ಪತ್ರಿಕೆ ಬಿಂದುಶ್ರೀಯದು, ಇನ್ನೊಂದು ಮಾನ್ಯಳದು. ಇಬ್ಬರೂ ಸೆಕೆಂಡ್ ಇಯರ್ ಬಿ.ಎ. ಹುಡುಗಿಯರು. ಹೋದ ವಾರ ನಡೆದ ಇತಿಹಾಸದ ಇಂಟರ್ನಲ್ ಟೆಸ್ಟಿನ ಮೂರನೇ ಪ್ರಶ್ನೆ, ಹೊಯ್ಸಳರ ಬಗ್ಗೆ.

"'ಈ ನಾಡನ್ನು ಹಾಳಿದ ಹೊಯ್ಸಳರು,'" ಸ್ನೇಹಲತಾ ಬಾಯಲ್ಲೇ ಒಪ್ಪಿಸಿದಳು. "ಆಳಿದ ಅಲ್ಲ ಸರ್, ಹಾಳಿದ. ಇವಳೂ ಹಾಳಿದ, ಅವಳೂ ಹಾಳಿದ. ನಾಲ್ಕು ಸಲ. ಆಸ್ಥಾನಕ್ಕೆ ಹಾಸ್ಥಾನ, ಅದು ಎರಡು ಸಲ. ಒಂದು ಕಾಮಾ ಕೂಡ ಆಚೀಚೆ ಆಗಿಲ್ಲ. ಒಬ್ಬರ ಹಿಂದೆ ಒಬ್ಬರು ಕೂತಿದ್ರು. ರೂಮ್ ಸೂಪರ್‌ವೈಸರ್ ನೀವು."

ಹಿಂದಿನಿಂದ ಯಾರೋ ನಕ್ಕರು. ಹೊಯ್ಸಳರು ನಾಡು ಹಾಳು ಮಾಡಿದರು ಎನ್ನುವುದು ಯಾರಿಗಾದರೂ ನಗು ತರಿಸುವ ಮಾತೇ. ಪುಟ್ಟರಾಜು ನಗಲಿಲ್ಲ.

"ನಾನಿದ್ದೆ ಮೇಡಂ. ಆ ಇಬ್ರೂ ಒಂದೂವರೆ ಗಂಟೆ ತಲೆ ಎತ್ತಿಲ್ಲ. ಕಾಪಿ ಹೊಡ್ದಿಲ್ಲ."

"ಹಾಗಾದ್ರೆ ಇದು ಹೇಗೆ ಬಂತು?"

"ಗೊತ್ತಿಲ್ಲ. ಆದ್ರೆ ನಮ್ ಸಬ್ಜೆಕ್ಟಲ್ಲಿ ಎಲ್ರಿಗೂ ಒಂದೇ ಉತ್ತರ ಬರುತ್ತೆ. ಅದನ್ನ ಕಾಪಿ ಅನ್ನೋಕಾಗಲ್ಲ."

"ಸರಿ ಉತ್ತರ ಎಲ್ಲರಿಗೂ ಒಂದೇ ಇರುತ್ತೆ ಸರ್. ತಪ್ಪು ಉತ್ತರ ಒಬ್ಬೊಬ್ಬರದು ಒಂದೊಂದು ಥರ ಇರಬೇಕು."

ಅವನು ಒಂದು ಕ್ಷಣ ಯೋಚಿಸಿದ.

"ಒಳ್ಳೇ ಮಾತು," ಎಂದು ಒಪ್ಪಿಕೊಂಡ.

ಜಗಳಕ್ಕೆ ಬಂದವರ ಮಾತನ್ನು ಹೀಗೆ ಒಪ್ಪಿಕೊಂಡುಬಿಟ್ಟರೆ ಸಿಟ್ಟು ಇನ್ನೂ ಏರುತ್ತದೆ. ಅವಳಿಗೂ ಏರಿತು.

"ಒಂದ್ ಕೆಲ್ಸ ಮಾಡಿ ಮೇಡಂ. ಇಬ್ರನ್ನೂ ಬೇರೆ ಬೇರೆ ಕಡೆ ಕೂರ್ಸಿ ಅದೇ ಪ್ರಶ್ನೆ ಇನ್ನೊಂದ್ಸಲ ಬರ್ಸಿ. ಆಮೇಲೆ ರಿಪೋರ್ಟ್ ಕೊಡಿ."

"ಕದ್ದವರಿಗೆ ಇನ್ನೊಂದು ಟೆಸ್ಟ್ ಯಾಕೆ ಸರ್?"

"ಕದ್ದಿದಾರಾ ಇಲ್ವಾ ಅಂತ ತಿಳ್ಕೊಳ್ಳೋಕೆ."

ಅವಳು ಪತ್ರಿಕೆಗಳನ್ನು ಎತ್ತಿಕೊಂಡು ಹೊರಟುಬಿಟ್ಟಳು. 'ತನ್ನ ರೂಮಿನ ಮಾನ ಉಳಿಸಿಕೊಳ್ಳೋಕೆ ನೋಡ್ತಿದ್ದಾರೆ... ಎಲ್ಲರೂ ಹೀಗೇನೇ,' ಅಂದುಕೊಂಡಳು.

*

ಹೊಳೆನರಸೀಪುರದ ಆ ಪ್ರೈವೇಟ್ ಕಾಲೇಜಿಗೆ ಇತಿಹಾಸ ಕಲಿಸಲು ಅವಳು ಬಂದು ಮೂರು ತಿಂಗಳಾಗಿತ್ತು. ಮನೆ ಹಾಸನದಲ್ಲಿ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು.

ಮೊದಲನೇ ದಿನವೇ ಕ್ಲಾಸಿನಲ್ಲಿ ಎರಡು ಕಟ್ಟುಪಾಡು ಹೇಳಿದ್ದಳು. ಒಂದು, ಒಂಬತ್ತು ಮೂವತ್ತೈದಕ್ಕೆ ಬಾಗಿಲು ಮುಚ್ಚುತ್ತೇನೆ, ಆಮೇಲೆ ಬಂದವರಿಗೆ ಒಳಗೆ ಜಾಗವಿಲ್ಲ. ಇನ್ನೊಂದನ್ನು ಹೇಳುವಾಗ ಬೋರ್ಡಿನ ಮೇಲೆ ಇಷ್ಟು ದಪ್ಪಕ್ಕೆ 'ಹ' ಎಂದು ಬರೆದಿದ್ದಳು.

"ಮನೆಯಲ್ಲಿ 'ಓಗು' ಅನ್ನಿ, 'ಅಂಗೆ' ಅನ್ನಿ, ನನ್ನ ಅಭ್ಯಂತರ ಇಲ್ಲ. ಪೇಪರಿನ ಮೇಲೆ 'ಹ' ನುಂಗಿದರೆ ಅರ್ಧ ಮಾರ್ಕ್ ಕಟ್."

ಕಲಿಸುವವಳ ಕಾಳಜಿಯೇ ಅದು. ಆದರೆ ಆ ಅರ್ಧ ಮಾರ್ಕಿನ ಮಾತು ಎಲ್ಲಿಗೆ ಹೋಗಿ ಮುಟ್ಟಿತು ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಅವಳು ಹೀಗೆ ಬಿಗಿಯಾಗಲು ಒಂದು ಕಾರಣವಿತ್ತು. ಹಿಂದೆ ಕೆಲಸ ಮಾಡಿದ ಕಾಲೇಜಿನಲ್ಲಿ ಒಬ್ಬ ಹುಡುಗ ಚೀಟಿಯ ಸಮೇತ ಅವಳ ಕೈಗೆ ಸಿಕ್ಕಿಬಿದ್ದಿದ್ದ. ಮ್ಯಾನೇಜ್‌ಮೆಂಟಿನವರ ಮಗ. "ನೋಡಿಲ್ಲ ಅಂದ್ಕೊಳಿ ಮೇಡಂ," ಎಂದರು ದೊಡ್ಡವರು. ಅವಳು ನೋಡಿಲ್ಲ ಅಂದುಕೊಂಡಳು. ಆ ವರ್ಷ ಮುಗಿದ ಕೂಡಲೇ ಕೆಲಸ ಬಿಟ್ಟಳು, ಆದರೆ ನಾಚಿಕೆ ಮಾತ್ರ ಅವಳನ್ನು ಬಿಡಲಿಲ್ಲ. ಇನ್ನು ಮೇಲೆ ಯಾರೇ ಆಗಲಿ, ಸುಮ್ಮನಿರುವುದಿಲ್ಲ ಎಂದು ಗಟ್ಟಿ ಮಾಡಿಕೊಂಡು ಬಂದಿದ್ದಳು.

ಈ ಕಾಲೇಜಿನಲ್ಲಿ ಅವಳಿಗೆ ತುಂಬ ಇಷ್ಟವಾದದ್ದು ಒಂದೇ. ಮಧ್ಯಾಹ್ನ ಊಟದ ನಂತರ ಹನ್ನೆರಡನೇ ನಂಬರ್ ರೂಮಿಗೆ ಪಾಠಕ್ಕೆ ಹೋದರೆ ಬೋರ್ಡು ಒದ್ದೆ ಬಟ್ಟೆಯಲ್ಲಿ ಒರೆಸಿ ಚೊಕ್ಕಟವಾಗಿರುತ್ತಿತ್ತು. ಅಂಚಿನ ಮೇಲೆ ಮುರಿಯದ ಒಂದು ಇಡೀ ಚಾಕ್‌ಪೀಸ್. ಚಾಕಿನ ಧೂಳು ಮೂಗಿಗೆ ಹೋದರೆ ಅವಳಿಗೆ ಸೀನು ಶುರುವಾಗುತ್ತದೆ, ಏಳೆಂಟಕ್ಕೆ ನಿಲ್ಲುವುದಿಲ್ಲ. ಅಟೆಂಡರ್ ಚನ್ನಪ್ಪ ಎಷ್ಟು ಒಳ್ಳೆಯವನು ಎಂದು ದಿನಾ ಅಂದುಕೊಳ್ಳುತ್ತಿದ್ದಳು.

*

ಆ ಮಂಗಳವಾರ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳು ಹಾಸನದ ಬಸ್ಸಿಗೆ ಕಾಯುತ್ತಿದ್ದಳು. ನಾಲ್ಕು ಹೆಜ್ಜೆ ಆಚೆ ಪುಟ್ಟರಾಜು ನಿಂತಿದ್ದ. ಅವನೂ ಅದೇ ಬಸ್ಸು, ದಾರಿಯಲ್ಲಿ ಮೊಸಳೆಹೊಸಳ್ಳಿಯಲ್ಲಿ ಇಳಿದು ಪಕ್ಕದ ಮೊಸಳೆ ಊರಿಗೆ ಹೋಗುವವನು. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನೋಡುತ್ತಿದ್ದರು.

ಆಗ ಬಿಂದುಶ್ರೀ ಓಡಿ ಬಂದಳು. ಅವಳು ಸ್ನೇಹಲತಾಳನ್ನು ಗಮನಿಸಲಿಲ್ಲ.

"ಮಾವ, ಅರಕಲಗೂಡು ಬಸ್ ಬಂತು. ಬತ್ತೀನಿ."

"ಊ, ಜ್ವಾಪಾನ," ಎಂದ ಪುಟ್ಟರಾಜು.

ಮಾವ...

ಸ್ನೇಹಲತಾ ಗಕ್ಕನೆ ತಿರುಗಿ ನೋಡಿದಳು. ಸಂಬಂಧದ ಹುಡುಗಿ, ಅದಕ್ಕೇ ಇಷ್ಟು ವಕಾಲತ್ತು. ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂತು. ಈ ಕಡೆ ಮಾವನಿಗೇ ಹುಡುಗಿ ಕೊಡುವುದೂ ಉಂಟಲ್ಲ... ರಿಪೋರ್ಟಿಗೆ ಈ ಯೋಚನೆ ಬೇಕಾಗಿರಲಿಲ್ಲ. ಆದರೂ ಅದೇ ಹೆಚ್ಚು ಚುಚ್ಚಿತು. ಯಾಕೆ ಚುಚ್ಚಬೇಕು ಎಂದು ಅವಳು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ನಾವೂ ಈಗಲೇ ಕೇಳುವುದು ಬೇಡ.

ಬುಧವಾರ ಬೆಳಿಗ್ಗೆ ರಿಪೋರ್ಟಿನ ಕೊನೆಗೆ ಒಂದು ಸಾಲು ಸೇರಿತು. 'ಕೊಠಡಿ ಮೇಲ್ವಿಚಾರಕರು ವಿದ್ಯಾರ್ಥಿನಿಯ ಸಂಬಂಧಿಯಾಗಿದ್ದಾರೆ.'

ಪ್ರಿನ್ಸಿಪಾಲ್ ಚಂದ್ರಶೇಖರಯ್ಯನವರು ಕನ್ನಡಕ ಏರಿಸಿ ಓದಿದರು.

"ಇಬ್ಬರಿಗೂ ಇಂಟರ್ನಲ್ಸ್ ಸೊನ್ನೆ. ಹಾಲ್ ಟಿಕೆಟ್ ಬರಲ್ಲ, ಒಂದು ವರ್ಷ ಹೋಗುತ್ತೆ. ನಕಲು ಮಾಡಿದವರ ಲಿಸ್ಟು ಯೂನಿವರ್ಸಿಟಿಗೆ ಸೋಮವಾರ ಹೋಗೋದು. ಯೋಚನೆ ಮಾಡಿದ್ದೀರಾ ಅಮ್ಮಾ?"

"ಮಾಡಿದ್ದೀನಿ ಸರ್."

ಮಧ್ಯಾಹ್ನದ ಹೊತ್ತಿಗೆ ಇಬ್ಬರು ಹುಡುಗಿಯರ ಹೆಸರು ನೋಟಿಸ್ ಬೋರ್ಡಿಗೆ ಬಂತು. ವಿಚಾರಣೆ ಮುಗಿಯುವವರೆಗೆ ಪುಟ್ಟರಾಜುವಿಗೆ ಪರೀಕ್ಷೆ ಡ್ಯೂಟಿ ಇಲ್ಲ ಎನ್ನುವುದೂ ಅದರ ಕೆಳಗೇ ಇತ್ತು.

ಕಾರಿಡಾರಿನಲ್ಲಿ ಅವನು ಎದುರಾದ.

"ಸಂಬಂಧಿ ಅಂತ ಬರ್ದಿದ್ದೀರಂತೆ."

"ಮಾವ ಅಂತ ಕರೆದದ್ದು ನನ್ನ ಕಿವಿಯಾರೆ ಕೇಳಿದೆ. ಸುಳ್ಳಾ ಸರ್?"

"ಕರ್ದಿದ್ದು ನಿಜ."

"ಮತ್ತೆ?"

ಅವನು ಏನೋ ಹೇಳಲು ಹೊರಟು ನಿಲ್ಲಿಸಿದ. ಸಿಟ್ಟು ಮಾಡಿಕೊಂಡಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನ ಮುಖದಲ್ಲಿದ್ದದ್ದು ಬರೀ ನೋವು.

"ಕೇಳಿ ಬರೀಬೋದಿತ್ತು ಮೇಡಂ... ಒಂದೇ ಒಂದು ಮಾತು."

ಅಷ್ಟು ಹೇಳಿ ಹೋದ. ಆ ದಿನವೂ ಹನ್ನೆರಡನೇ ರೂಮಿನ ಬೋರ್ಡು ಚೊಕ್ಕಟವಾಗಿತ್ತು, ಅಂಚಿನ ಮೇಲೆ ಇಡೀ ಚಾಕ್‌ಪೀಸ್ ಇತ್ತು. ಅವಳಿಗೆ ಮಾತ್ರ ಪಾಠ ಸರಿಯಾಗಿ ಮಾಡಲಾಗಲಿಲ್ಲ.

*

ಶುಕ್ರವಾರ ಮೊದಲನೇ ಪೀರಿಯಡ್. ಬಾಗಿಲು ಮುಚ್ಚಿ ಅವಳು ನೋಟ್ಸ್ ಹೇಳಿ ಬರೆಸುತ್ತಿದ್ದಳು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಲಟಲಟ ಎನ್ನುತ್ತಿದ್ದ ಹಳೇ ಫ್ಯಾನು ನಿಂತು ಕ್ಲಾಸೆಲ್ಲ ನಿಶ್ಶಬ್ದವಾಯಿತು.

"ಅರಸರ ಆಳ್ವಿಕೆಯಲ್ಲಿ..." ಎಂದಳು.

ಕಿಟಕಿಯ ಹೊರಗಿನಿಂದ ಪಿಸುಮಾತು ಕೇಳಿಸಿತು.

"'ಅರಸರ' ಅಂದ್ರಾ, 'ಹರಸರ' ಅಂದ್ರಾ?"

"ಸರ್ಯಾಗ್ ಕೇಳ್ಲಿಲ್ಲ ಕಣೆ. 'ಹ' ಆಕ್ಬುಡು. ಬುಟ್ರೆ ಅರ್ಧ ಮಾರ್ಕ್ ಓಯ್ತದೆ ಅಂದವ್ರಲ್ಲ ಮೇಡಂ."

ಸ್ನೇಹಲತಾ ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಮೆಲ್ಲಗೆ ಕಿಟಕಿಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

ಗೋಡೆಗೆ ಒರಗಿ ಇಬ್ಬರು ಹುಡುಗಿಯರು ನೆಲದ ಮೇಲೆ ಕೂತಿದ್ದರು. ಸದ್ದಾಗದಿರಲಿ ಎಂದು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಬಿಂದುಶ್ರೀಯ ಮಂಡಿಯ ಮೇಲೆ ನೋಟ್‌ಬುಕ್, ಮಾನ್ಯ ಕಿವಿಯನ್ನು ಕಿಟಕಿಯ ಕಡೆಗೆ ಕೊಟ್ಟು ಕೂತಿದ್ದಳು. ಮೇಲೆ ನೋಡಿದ ಕೂಡಲೇ ಇಬ್ಬರೂ ಎದ್ದು ನಿಂತರು.

"ತಪ್ಪಾಯ್ತು ಮೇಡಂ. ನಾವೇನೂ ಗಲಾಟೆ ಮಾಡ್ಲಿಲ್ಲ..."

"ಇಲ್ಲಿ ಯಾಕೆ ಕೂತಿದ್ದೀರಿ?"

"ನಮ್ ಬಸ್ ಬರೋದೇ ಒಂಬತ್ ನಲ್ವತ್ಕೆ ಮೇಡಂ. ಅಷ್ಟೊತ್ಗೆ ನೀವು ಬಾಗ್ಲು ಆಕ್ಬುಟ್ಟಿರ್ತೀರ."

"ಎಷ್ಟು ದಿನದಿಂದ?"

ಬಿಂದುಶ್ರೀ ಅಳುಕುತ್ತ ಹೇಳಿದಳು. "ನೀವ್ ಬಂದಾಗಿಂದ."

ಆ ಪೀರಿಯಡ್ ಮುಗಿದ ಕೂಡಲೇ ಸ್ನೇಹಲತಾ ಒಬ್ಬಳನ್ನು ಲೈಬ್ರರಿಯಲ್ಲಿ, ಇನ್ನೊಬ್ಬಳನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿದಳು. ಅದೇ ಪ್ರಶ್ನೆ, ಖಾಲಿ ಹಾಳೆ. ಮಂಗಳವಾರವೇ ಮಾಡಬಹುದಾಗಿದ್ದ ಕೆಲಸ. ಪುಟ್ಟರಾಜು ಹೇಳಿದ್ದ ಕೆಲಸ.

ಇಪ್ಪತ್ತು ನಿಮಿಷಕ್ಕೆ ಎರಡು ಹಾಳೆಗಳು ಬಂದವು. ಎರಡರಲ್ಲೂ 'ಈ ನಾಡನ್ನು ಹಾಳಿದ ಹೊಯ್ಸಳರು.' ನಾಲ್ಕು ಸಲ. ಹಾಸ್ಥಾನ ಎರಡು ಸಲ. ಕಾಮಾಗಳೂ ಅಲ್ಲಲ್ಲೇ.

ಬಿಂದುಶ್ರೀಯ ನೋಟ್‌ಬುಕ್ಕಿನ ಒಂಬತ್ತನೇ ಪುಟದಲ್ಲಿ ಅದೆಲ್ಲವೂ ಹಾಗೇ ಇತ್ತು. ಕೇಳಿಸಿದಷ್ಟನ್ನು ಬಿಂದುಶ್ರೀ ಬರೆದಿದ್ದಳು, ಅದನ್ನೇ ಮಾನ್ಯ ಜೆರಾಕ್ಸ್ ಮಾಡಿಸಿಕೊಂಡಿದ್ದಳು. ಇಬ್ಬರೂ ಬಸ್ಸಿನಲ್ಲಿ ಕೂತು ಅಕ್ಷರ ಬಿಡದೆ ಉರು ಹೊಡೆದಿದ್ದರು.

ಸ್ನೇಹಲತಾ ಆ ಪುಟದ ಮೇಲೆ ಕೈಯಿಟ್ಟಳು. ಮಾತುಗಳೆಲ್ಲ ಅವಳವೇ. ಮುಚ್ಚಿದ ಬಾಗಿಲೂ ಅವಳದೇ. ಹೆಚ್ಚಾಗಿ ಬಿದ್ದ ಆ 'ಹ' ಕೂಡ ಅವಳು ಹೆದರಿಸಿ ಕೊಟ್ಟದ್ದೇ.

"ನನಗೆ ಯಾಕೆ ಹೇಳಲಿಲ್ಲ ನೀವು?"

"ನೀವು ಕೇಳ್ಲಿಲ್ಲ ಮೇಡಂ."

ಕೇಳಿ ಬರೀಬೋದಿತ್ತು ಮೇಡಂ... ಅದೇ ಮಾತು ಇನ್ನೊಂದು ಬಾಯಿಂದ ಬಂದಿತ್ತು. ಅವಳು ನೋಟ್‌ಬುಕ್ಕನ್ನು ಮುಚ್ಚಿ ಬಿಂದುಶ್ರೀಯ ಕೈಗಿಟ್ಟಳು.

"ಬಿಂದು, ಪುಟ್ಟರಾಜು ಸರ್ ನಿನಗೆ ಏನಾಗಬೇಕು?"

"ಮಾವ."

"ನಿಮ್ಮಮ್ಮನ ತಮ್ಮನಾ?"

"ಇಲ್ಲ ಮೇಡಂ. ಅವ್ರವ್ವಂದು ನಮ್ಮೂರು. ನಮ್ಮೂರ್ ಮಗಳ ಮಗ ಅಂತ ನಮ್ಮೂರ್ ಮಕ್ಳೆಲ್ಲ ಅವ್ರನ್ನ ಮಾವ ಅಂತ್ಲೇ ಕರ್ಯೋದು. ರಕ್ತ ಸಂಬಂಧ ಏನಿಲ್ಲ."

"ಎಷ್ಟು ಮಕ್ಕಳು?"

"ಅರ್ವತ್ ಎಪ್ಪತ್ ಇರ್ಬೋದು."

ಸ್ನೇಹಲತಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಅತ್ತಳು. ಹುಡುಗಿಯರು ಗಾಬರಿಯಿಂದ ನೀರಿನ ಬಾಟ್ಲಿ ತಂದುಕೊಟ್ಟರು.

*

ಶನಿವಾರ ಚಂದ್ರಶೇಖರಯ್ಯನವರು ಅವಳ ಪತ್ರವನ್ನು ಎರಡು ಸಲ ಓದಿ ಕೆಳಗಿಟ್ಟರು.

"ರಿಪೋರ್ಟ್ ವಾಪಸ್ ತಗೋತೀನಿ ಅಂತ ಒಂದು ಸಾಲು ಸಾಕು. ಕಾರಣ ಎಲ್ಲ ಬೇಡ ಅಮ್ಮಾ. ನಿಮ್ಮ ಪ್ರೊಬೇಷನ್ ಇನ್ನೂ ಮುಗಿದಿಲ್ಲ. ಇದು ಫೈಲಲ್ಲಿ ಉಳಿದುಹೋಗುತ್ತೆ. ಮುಂದೆ ಕೆಲಸಕ್ಕೇ ತೊಂದರೆ ಆಗಬಹುದು."

ನೋಡಿಲ್ಲ ಅಂದ್ಕೊಳಿ ಮೇಡಂ... ಅಂದು ಕೇಳಿದ ಮಾತೇ ಇದು. ಇವರು ಅವಳ ಒಳ್ಳೆಯದಕ್ಕೆ ಹೇಳುತ್ತಿದ್ದರು, ಅಷ್ಟೇ ವ್ಯತ್ಯಾಸ.

"ಉಳೀಲಿ ಸರ್. ಆ ಹುಡುಗಿಯರ ಹೆಸರು ನೋಟಿಸ್ ಬೋರ್ಡಿಗೆ ಬಂದಿದೆ. ಪುಟ್ಟರಾಜು ಸರ್ ಹೆಸರೂ ಬಂದಿದೆ. ನನ್ನ ತಪ್ಪೂ ಅಲ್ಲೇ ಬರಬೇಕು."

ಅವರು ಅವಳನ್ನೇ ನೋಡಿ, ನಿಟ್ಟುಸಿರು ಬಿಟ್ಟು, ಪತ್ರದ ಮೇಲೆ ಮೊಹರು ಹಾಕಿದರು.

ಅವಳೇ ಕೈಯಾರೆ ಅದನ್ನು ನೋಟಿಸ್ ಬೋರ್ಡಿಗೆ ಗುಂಡುಪಿನ್ ಚುಚ್ಚಿ ಸಿಕ್ಕಿಸಿದಳು. 'ಬಿಂದುಶ್ರೀ ಮತ್ತು ಮಾನ್ಯ ನಕಲು ಮಾಡಿಲ್ಲ. ಪುಟ್ಟರಾಜು ಅವರು ಸಂಬಂಧಿಯಲ್ಲ, ಕರ್ತವ್ಯದಲ್ಲಿ ಲೋಪವೂ ಮಾಡಿಲ್ಲ. ನಾನು ಯಾರನ್ನೂ ಕೇಳದೆ ಬರೆದೆ. ತಪ್ಪು ನನ್ನದು. ಸೋಮವಾರದಿಂದ ನನ್ನ ತರಗತಿಯ ಬಾಗಿಲು ಒಂಬತ್ತು ನಲವತ್ತೈದರವರೆಗೆ ತೆರೆದಿರುತ್ತದೆ. ಸ್ನೇಹಲತಾ.'

ಆಮೇಲೆ ಪುಟ್ಟರಾಜುವನ್ನು ಹುಡುಕಿದಳು. ಸ್ಟಾಫ್ ರೂಮಿನಲ್ಲಿ ಇರಲಿಲ್ಲ. ಹನ್ನೆರಡನೇ ರೂಮಿಗೆ ಹೋದರೆ ಬೋರ್ಡಿನ ತುಂಬ ಯಾರದೋ ಬರಹ, ಅಂಚಿನ ಮೇಲೆ ಚಾಕಿನ ಚೂರುಗಳು. ಡಸ್ಟರ್ ಹಿಡಿದು ಒರೆಸತೊಡಗಿದಳು. ಸೀನು ಶುರುವಾಯಿತು. ಒಂಬತ್ತು, ಹತ್ತು...

"ಬುಡಿ ಅವ್ವ, ಬುಡಿ," ಎಂದು ಚನ್ನಪ್ಪ ಓಡಿ ಬಂದ.

"ದಿನಾ ನೀನು ಒರೆಸಿಡ್ತಿದ್ದೆಯಲ್ಲ ಚನ್ನಪ್ಪ. ಇವತ್ತು ಯಾಕೆ..."

"ನಾನೆಲ್ ಒರುಸ್ತಿದ್ದೆ ಕಣವ್ವ. ಪುಟ್ರಾಜು ಸಾ ಅಲ್ವಾ ಒರುಸ್ತಿದ್ದದ್ದು. ಈ ರೂಮಲ್ಲಿ ನಿಮ್ಗಿಂತ ಮುಂಚೆ ಅವ್ರುದೇ ಕ್ಲಾಸು. 'ಮೇಡಂಗೆ ಧೂಳು ಆಗಕ್ಕಿಲ್ಲ, ಒದ್ದೆ ಬಟ್ಟೆ ಕೊಡು ಚನ್ನಪ್ಪ' ಅನ್ನೋರು."

ಅವಳು ಡಸ್ಟರನ್ನು ಕೆಳಗಿಟ್ಟಳು.

"ಅವರು ಎಲ್ಲಿ?"

"ಇವತ್ತಿಂದ ರಜಾ ಆಕವ್ರೆ. ಇನ್ ಬರೋದು ಡೌಟು. ಚನ್ನರಾಯಪಟ್ಟಣದ ಕಾಲೇಜ್ಗೆ ಅರ್ಜಿ ಬರ್ದವ್ರಂತೆ. ಆವತ್ತೂ ಬೋರ್ಡ್ ಒರೆಸೇ ಓದ್ರು ನೋಡಿ, ಸಂಬಂಧಿ ಅಂತ ನೀವು ಬರ್ದ ದಿನಾನೂವೆ."

ಚನ್ನಪ್ಪ ಚುಚ್ಚಬೇಕು ಎಂದು ಹೇಳಿದ್ದಲ್ಲ. ಆದರೂ ಆ ಮಾತು ಅವಳ ಒಳಗೆ ಆಳಕ್ಕೆ ಇಳಿಯಿತು. ಮೂರು ತಿಂಗಳು ಪ್ರತಿದಿನ ಒಬ್ಬರು ತನಗಾಗಿ ಒಂದು ಕೆಲಸ ಮಾಡಿದ್ದಾರೆ, ಒಂದು ಸಲವೂ ಹೇಳಿಕೊಂಡಿಲ್ಲ. 'ನನಗೆ ಅವರು ಬೇಕು...' ಎಂದು ಅವಳ ಮನಸ್ಸು ಸ್ಪಷ್ಟವಾಗಿ ಹೇಳಿತು. ಈ ಸಲ ಅವಳು ಅದನ್ನು ತಳ್ಳಿಹಾಕಲಿಲ್ಲ.

*

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೊಸಳೆ ಊರಿನ ಒಂದು ಮನೆಯ ಜಗಲಿಯ ಮೇಲೆ ಪುಟ್ಟರಾಜುವಿನ ತಾಯಿ ಲಕ್ಕಮ್ಮ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಹುಡುಗಿಯೊಬ್ಬಳು ಬಂದು ನಿಂತದ್ದನ್ನು ನೋಡಿ ಕೈ ನಿಲ್ಲಿಸಿದರು.

"ಪುಟ್ಟರಾಜು ಸರ್ ಮನೆ ಇದೇನಾ ಅಮ್ಮಾ? ನಾನು ಕಾಲೇಜಿನಿಂದ..."

ಲಕ್ಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಸೊಗಡಿನ ಅವರೆಯ ವಾಸನೆಗೆ ಸ್ನೇಹಲತಾಳ ಮೂಗು ಕೆರಳಿ ಎರಡು ಸೀನು ಬಂತು.

"ಓ, ಸೀನೋ ಮೇಡಮ್ಮು ನೀವೇಯಾ?" ಎಂದರು ಲಕ್ಕಮ್ಮ, ಮುಖವೆಲ್ಲ ಅರಳಿಸಿ. "ಬಾ ಮಗ, ಕೂತ್ಕೊ. ಅವ್ನು ಗುಡಿತಾವ ಅವ್ನೆ. ನಾಕ್ ದಿನದಿಂದ ಸರ್ಯಾಗಿ ಉಣ್ತಾನೂ ಇಲ್ಲ, ಮಾತಾಡ್ತಾನೂ ಇಲ್ಲ. ಮಾತಾಡ್ಸಿ ಕರ್ಕೊಂಡ್ ಬಾ. ಮಧ್ಯಾನುಕ್ಕೆ ಇದುಕವರೆ ಸಾರು ಮಾಡ್ತೀನಿ."

ಸೀನೋ ಮೇಡಮ್ಮು. ಮನೆಯಲ್ಲಿ ತನಗೆ ಒಂದು ಹೆಸರೂ ಇದೆ ಅಂದಮೇಲೆ... ಗುಡಿಯವರೆಗೂ ಅವಳ ಮುಖ ಬಿಸಿಯಾಗಿಯೇ ಇತ್ತು.

ಮೊಸಳೆಯ ಎರಡು ಗುಡಿಗಳು ಅಕ್ಕಪಕ್ಕ ನಿಂತಿವೆ. ಒಂದು ಶಿವನದು, ಒಂದು ಕೇಶವನದು, ನೋಡಲು ಒಂದೇ ಥರ. ಅವೆರಡರ ನಡುವಿನ ಹುಲ್ಲಿನ ಮೇಲೆ ಪುಟ್ಟರಾಜು ಕೂತಿದ್ದ. ಅವಳನ್ನು ಕಂಡು ಎದ್ದ.

"ನೋಟಿಸ್ ಬೋರ್ಡ್ ಫೋಟೋ ಬಿಂದು ಕಳ್ಸಿದ್ಲು," ಎಂದ. "ನಾಕ್ ಸಲ ಓದ್ದೆ."

"ಅದು ಎಲ್ಲರಿಗೂ ಬರೆದದ್ದು. ನಿಮಗೆ ಎದುರಿಗೇ ಹೇಳಬೇಕಿತ್ತು. ನನ್ನಿಂದ ತಪ್ಪಾಯಿತು... ಕ್ಷಮಿಸಿ."

"ತಪ್ಪು ನಂದೂ ಇತ್ತು ಮೇಡಂ. ನನ್ನನ್ನ ಮಾವ ಅಂತ ಕರ್ಯೋ ಹುಡುಗಿ ನನ್ ರೂಮಲ್ಲಿ ಬರೀತಾಳೆ ಅಂತ ಪ್ರಿನ್ಸಿಪಾಲ್ರಿಗೆ ಮೊದ್ಲೇ ಒಂದು ಮಾತು ಹೇಳ್ಬೇಕಿತ್ತು. ನಮ್ ಕಡೆ ಅದೊಂದು ವಿಷ್ಯ ಅಂತಾನೇ ಅನ್ಸಲ್ಲ. ನಮ್ಮಮ್ಮನ ಊರಿನ ಕರುಗೆ ಮಾತು ಬಂದಿದ್ರೆ ಅದೂ ಮಾವ ಅಂತಿತ್ತು."

ಅವಳಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಹುಲ್ಲಿನ ಮೇಲೆ ಕೂತು ಹಳೇ ಕಾಲೇಜಿನ ವಿಷಯವನ್ನೆಲ್ಲ ಹೇಳಿದಳು. ಇದುವರೆಗೆ ಮನೆಯಲ್ಲೂ ಹೇಳಿರಲಿಲ್ಲ.

"ದೊಡ್ಡವರ ಮಗನ ಎದುರಿಗೆ ಬಾಯಿ ಮುಚ್ಕೊಂಡೆ. ಬಸ್ಸಿಗೆ ಕಾಯೋ ಹುಡುಗಿಯರ ಮೇಲೆ ಆ ಸಿಟ್ಟು ತೀರಿಸ್ಕೊಂಡೆ. ನಾನು ಅಂಥವಳು."

"ನೆನ್ನೆ ನಿಮ್ ಕೆಲ್ಸಕ್ಕೇ ಕುತ್ತು ಬರ್ತಿತ್ತು. ನೆನ್ನೆ ಬಾಯಿ ಮುಚ್ಕೊಂಡ್ರಾ?"

ಅವಳು ಇಲ್ಲ ಎಂದು ತಲೆಯಾಡಿಸಿದಳು.

"ಹಂಗಾದ್ರೆ ನೀವು ಅಂಥೋರಲ್ಲ, ಬಿಡಿ."

ಅವನು ಎರಡು ಗುಡಿಗಳ ಕಡೆ ಕೈ ತೋರಿಸಿದ.

"ನೀವು ಇತಿಹಾಸದೋರು. ಇವೆರಡ್ರಲ್ಲಿ ಯಾವ್ದು ಯಾವ್ದನ್ನ ನೋಡ್ಕೊಂಡು ಕಾಪಿ ಹೊಡೀತು, ಹೇಳಿ."

ಅವಳು ಅತ್ತಿತ್ತ ನೋಡಿ ನಕ್ಕುಬಿಟ್ಟಳು.

"ಎರಡಕ್ಕೂ ನೋಟ್ಸ್ ಒಂದೇ ಸರ್."

"ಮಂಗಳವಾರ ನಂಗೆ ಇದು ಹೊಳೀಲಿಲ್ಲ ನೋಡಿ."

ಅವಳು ಹುಲ್ಲಿನ ಎಸಳೊಂದನ್ನು ಕಿತ್ತು ಬೆರಳಿಗೆ ಸುತ್ತಿಕೊಂಡಳು.

"ಚನ್ನರಾಯಪಟ್ಟಣಕ್ಕೆ ಅರ್ಜಿ ಹಾಕಿದ್ದೀರಂತೆ."

"ಬರ್ದಿಟ್ಟಿದ್ದೀನಿ. ಕಳ್ಸಿಲ್ಲ."

"ಕಳಿಸಬೇಡಿ."

"ಯಾಕೆ?"

"ಬೋರ್ಡ್ ಒರೆಸೋರು ಇಲ್ಲ..." ಎಂದವಳು ತಲೆ ತಗ್ಗಿಸಿದಳು. ಗುಟ್ಟು ಬಯಲಾಗಿದ್ದು ತಿಳಿದು ಅವನ ಕಿವಿ ಕೆಂಪಾಯಿತು.

"ಒಂದು ಮಾತು ಕೇಳ್ಲಾ ಮೇಡಂ?"

"ಕೇಳಿ. ಕೇಳದೆ ಏನೂ ಮಾಡಬಾರದು ಅಂತ ಈ ವಾರ ಕಲಿತಿದ್ದೀನಿ."

"ಮೂರು ತಿಂಗಳಿಂದ ನೀವು ನನ್ ಮನಸ್ಸನ್ನ ಹಾಳ್ತಾ ಇದ್ದೀರ."

"ಆಳ್ತಾ ಇದ್ದೀನಾ, ಹಾಳು ಮಾಡ್ತಾ ಇದ್ದೀನಾ? ಸರಿಯಾಗಿ ಹೇಳಿ."

"ಅನುಮಾನ ಬಂದ್ ಕಡೆ 'ಹ' ಹಾಕಿದ್ದೀನಿ. ಅರ್ಧ ಮಾರ್ಕ್ ಹೋಗ್ಬಾರ್ದಲ್ಲ." ಆಮೇಲೆ ಅವನ ದನಿ ಇಳಿಯಿತು. "ತಮಾಷೆಗೆ ಹೇಳ್ತಿಲ್ಲ. ನಿಮ್ಮನ್ನ ಮದ್ವೆ ಆಗ್ಬೇಕು ಅಂತ ಆಸೆ. ನೀವು ಒಪ್ಪಿದ್ರೆ ನಾನೇ ಬಂದು ನಿಮ್ಮ ಮನೇಲಿ ಕೇಳ್ತೀನಿ. ಇಲ್ಲ ಅಂದ್ರೂ ಬೋರ್ಡ್ ಒರೆಸ್ತೀನಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ತಡೆದು ಹಿಡಿದಳು.

"ಇವತ್ತು ಕ್ಷಮೆ ಕೇಳೋಕೆ ಬಂದಿದ್ದೀನಿ. ಇವತ್ತೇ ಹೇಳಿದರೆ ಅದರ ಜೊತೆ ಇದೂ ಸೇರಿಹೋಗುತ್ತೆ. ನಾಳೆ ಹೇಳ್ತೀನಿ ಸರ್. ಬನ್ನಿ, ನಿಮ್ಮಮ್ಮ ಊಟಕ್ಕೆ ಕಾಯ್ತಿದ್ದಾರೆ."

ಅವತ್ತು ಪುಟ್ಟರಾಜು ಎರಡು ಮುದ್ದೆ ಉಂಡ ಎಂದು ಲಕ್ಕಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದರು.

*

ಸೋಮವಾರ ಬೆಳಿಗ್ಗೆ ಒಂಬತ್ತು ನಲವತ್ನಾಲ್ಕಕ್ಕೆ ಬಿಂದುಶ್ರೀ ಮತ್ತು ಮಾನ್ಯ ತೆರೆದ ಬಾಗಿಲಿನಿಂದ ಒಳಗೆ ಬಂದು ಮುಂದಿನ ಬೆಂಚಿನಲ್ಲಿ ಕೂತರು. ಯೂನಿವರ್ಸಿಟಿಗೆ ಹೋದ ನಕಲು ಮಾಡಿದವರ ಲಿಸ್ಟಿನಲ್ಲಿ ಅವರ ಹೆಸರಿರಲಿಲ್ಲ.

ಮಧ್ಯಾಹ್ನ ಊಟದ ನಂತರ ಸ್ನೇಹಲತಾ ಹನ್ನೆರಡನೇ ರೂಮಿಗೆ ಹೋದಳು. ಹುಡುಗಿಯರು ಆಗಲೇ ಬಂದು ಕೂತಿದ್ದರು. ಬೋರ್ಡು ಚೊಕ್ಕಟವಾಗಿತ್ತು, ಅಂಚಿನ ಮೇಲೆ ಇಡೀ ಚಾಕ್‌ಪೀಸ್ ಇತ್ತು.

ಮೇಲಿನ ಮೂಲೆಯಲ್ಲಿ ಮಾತ್ರ ಒಂದು ಅಕ್ಷರ ಒರೆಸದೆ ಉಳಿದಿತ್ತು.

ಹ.

ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಚಾಕ್‌ಪೀಸ್ ತೆಗೆದುಕೊಂಡು ಆ ಅಕ್ಷರಕ್ಕೆ ಒಂದು ಕೊಂಬು ಎಳೆದು ಅದಕ್ಕೆ ಇಳಿ ಕೊಟ್ಟಳು. ಪಕ್ಕದಲ್ಲಿ ಒಂದು ಸೊನ್ನೆ ಇಟ್ಟಳು.

"ಹೂಂ," ಎಂದು ಬಿಂದುಶ್ರೀ ಮುಂದಿನ ಬೆಂಚಿನಿಂದ ಗಟ್ಟಿಯಾಗಿ ಓದಿದಳು. "ಇದ್ನ ಬರ್ಕೋಬೇಕಾ ಮೇಡಂ?"

"ಬೇಡ. ಇದು ನಿಮ್ಮ ಸಿಲಬಸ್‌ನಲ್ಲಿ ಇಲ್ಲ."

ಬಾಗಿಲಲ್ಲಿ ಪುಟ್ಟರಾಜು ನಿಂತಿದ್ದ. ಹಾಜರಿ ಪುಸ್ತಕ ಮರೆತುಹೋಗಿತ್ತು ಎಂದು ಬಂದಿದ್ದ. ಹಾಜರಿ ಪುಸ್ತಕ ಅವನ ಕೈಯಲ್ಲೇ ಇತ್ತು. ಅವನು ಬೋರ್ಡು ನೋಡಿದ, ಅವಳನ್ನು ನೋಡಿದ. ಬಿಂದುಶ್ರೀ ಇಬ್ಬರನ್ನೂ ಸರದಿಯ ಮೇಲೆ ನೋಡಿ, ಮಾನ್ಯಳ ಕಿವಿಯಲ್ಲಿ "ಮಾವನ್ ಎಂಡ್ತಿನ ಅತ್ತೆ ಅನ್ಬೇಕಲ್ವೇನೆ?" ಎಂದು ಪಿಸುಗುಟ್ಟಿದಳು.

ಸ್ನೇಹಲತಾ ಬಾಗಿಲವರೆಗೆ ನಡೆದು ಬಂದಳು.

"ಸರಿಯಾಗಿ ಬರೆದಿದ್ದೀನಾ ಸರ್?" ಎಂದು ಮೆಲ್ಲಗೆ ಕೇಳಿದಳು.

"ಸರಿಯಾಗಿದೆ ಮೇಡಂ," ಎಂದ ಪುಟ್ಟರಾಜು. "ಇವತ್ತು ಬೋರ್ಡ್ ಒರೆಸೋದು ಬೇಡ."